ಫ್ರೆಂಚಿನ ‘-ಆಜ್’ ಪ್ರತ್ಯಯ: ಎಲ್ಲಿಂದ ಬಂತು, ಎಲ್ಲೆಲ್ಲಿ ಹೊಕ್ಕಿತು?

ಹೇಮಾವತಿ ತೀರ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿಯುತ್ತಿದ್ದೇನೆ. ಆ ಭಾಷೆಯಲ್ಲಿ ಮೇಜು, ಕುರ್ಚಿ, ಚಮಚಕ್ಕೂ ಲಿಂಗ ಉಂಟು. ‘-ಆಜ್’ ಎಂದು ಮುಗಿಯುವ ಪದಗಳು ಪುಲ್ಲಿಂಗ ಎಂದು ಹೇಳಿಕೊಟ್ಟರು: ವ್ವಾಯಾಜ್ (ಪ್ರಯಾಣ), ವಿಲಾಜ್ (ಹಳ್ಳಿ), ಫ್ರೊಮಾಜ್ (ಚೀಸ್). ಮರುವಾರವೇ ಪ್ಲಾಜ್ (ಕಡಲತೀರ), ಇಮಾಜ್ (ಚಿತ್ರ), ಕಾಜ್ (ಪಂಜರ) ಬಂದವು, ಮೂರೂ ಸ್ತ್ರೀಲಿಂಗ. ಕಾರಣ ಕೇಳಿದರೆ ‘ಅವು ಅಪವಾದ, ಬಾಯಿಪಾಠ ಮಾಡಿ’ ಎಂಬ ಉತ್ತರ. ಇಷ್ಟಕ್ಕೆ ನನಗೆ ಸಮಾಧಾನವಾಗುತ್ತಿಲ್ಲ. ಇನ್ನೊಂದು ಸಂಶಯ: ನಾವು ದಿನವೂ ಆಡುವ ಲಗೇಜು, ಗ್ಯಾರೇಜು, ಮೈಲೇಜುಗಳಲ್ಲಿ ಇರುವುದೂ ಇದೇ ಪ್ರತ್ಯಯವೇ? ತಿಳಿದವರು ದಯವಿಟ್ಟು ವಿವರಿಸಿ.

ಪದಶೋಧಕ:
ನಿಮಗೆ ಹೇಳಿಕೊಟ್ಟ ನಿಯಮ ಸರಿಯಾಗಿಯೇ ಇದೆ. ಅದನ್ನು ‘ಆಜ್’ ಎಂದು ಕಿವಿಗೆ ಬೀಳುವ ಪದಗಳಿಗೆಲ್ಲ ಹಚ್ಚದೆ, ‘-ಆಜ್’ ಪ್ರತ್ಯಯ ಹತ್ತಿ ಹುಟ್ಟಿದ ಪದಗಳಿಗೆ ಮಾತ್ರ ಹಚ್ಚಿ ನೋಡಿ. ಆಗ ಅಪವಾದವೇ ಉಳಿಯುವುದಿಲ್ಲ.

ಈ ಪ್ರತ್ಯಯದ ಬೇರು ಲ್ಯಾಟಿನ್ನಿನ ‘-ಆತಿಕುಸ್’. ಅದರ ನಪುಂಸಕ ರೂಪ ‘-ಆತಿಕುಮ್’. ಸಿಲ್ವಾ ಎಂದರೆ ಕಾಡು, ಸಿಲ್ವಾತಿಕುಸ್ ಎಂದರೆ ಕಾಡಿಗೆ ಸೇರಿದ್ದು. ಫ್ರೆಂಚಿನ ಸೋವಾಜ್ (ಕಾಡು ಪ್ರಾಣಿ, ಕಾಡು ಹೂವು ಎನ್ನುವಾಗಿನ ‘ಕಾಡು’) ಹುಟ್ಟಿದ್ದು ಅದರಿಂದಲೇ. ವಿಯಾ ಎಂದರೆ ದಾರಿ. ದಾರಿಗೆಂದು ಕಟ್ಟಿಕೊಂಡ ಬುತ್ತಿ ಮತ್ತು ಹಣ ವಿಯಾತಿಕುಮ್. ಬುತ್ತಿಯ ಹೆಸರು ಕಾಲಕ್ರಮದಲ್ಲಿ ಪ್ರಯಾಣಕ್ಕೇ ನಿಂತಿತು, ಅದೇ ವ್ವಾಯಾಜ್. ಫ್ರೊಮಾಜ್ ಕಥೆಯೂ ಸೊಗಸಾಗಿದೆ. ಫೊರ್ಮಾ ಎಂದರೆ ಅಚ್ಚು. ಅಚ್ಚಿಗೆ ಹಾಕಿ ಮಾಡಿದ ಚೀಸನ್ನು ಗಾಲ್ (ಇಂದಿನ ಫ್ರಾನ್ಸ್) ಪ್ರಾಂತದ ಜನ ‘ಕಾಸೆಯುಸ್ ಫೊರ್ಮಾತಿಕುಸ್’ ಎಂದರು. ಚೀಸ್ ಎಂಬರ್ಥದ ಮೊದಲ ಪದ ಉದುರಿ, ‘ಅಚ್ಚಿನದು’ ಎಂಬ ವಿಶೇಷಣವೇ ನಾಮಪದವಾಯಿತು. ಮೊದಲು ಫೊರ್ಮಾಜ್ ಇದ್ದದ್ದು ರಕಾರ ಜಾಗ ಬದಲಿಸಿ ಫ್ರೊಮಾಜ್ ಆಯಿತು. ಇಟಾಲಿಯನ್ನಿನ ಫೊರ್ಮಾಜ್ಜೊ ಹಳೆಯ ಕ್ರಮವನ್ನು ಬಿಟ್ಟಿಲ್ಲ.

ಉಚ್ಚಾರಣೆ ಸವೆದ ದಾರಿ ಹೀಗೆ: ‘-ಆತಿಕು’ದಲ್ಲಿ ಸ್ವರಗಳ ನಡುವಿನ ತಕಾರ ದಕಾರವಾಯಿತು, ಕಕಾರ ಮೆದುವಾಯಿತು, ನಡುವಿನ ಇಕಾರ ಬಿದ್ದುಹೋಯಿತು, ಪಕ್ಕಪಕ್ಕ ಬಂದ ವ್ಯಂಜನಗಳು ಬೆರೆತು ‘ಜ್’ ಆದವು.

ಇನ್ನು ಲಿಂಗ. ಲ್ಯಾಟಿನ್ನಿನ ನಪುಂಸಕಲಿಂಗ ಫ್ರೆಂಚಿನಲ್ಲಿ ಪುಲ್ಲಿಂಗದೊಳಗೆ ಕರಗಿತು. ಆದ್ದರಿಂದ ಈ ಪ್ರತ್ಯಯದ ಮಕ್ಕಳೆಲ್ಲ ಪುಲ್ಲಿಂಗ. ನಿಮ್ಮನ್ನು ಕಾಡುವ ಸ್ತ್ರೀಲಿಂಗ ಪದಗಳಲ್ಲಿ ಈ ಪ್ರತ್ಯಯ ಇಲ್ಲವೇ ಇಲ್ಲ. ಇಮಾಜ್ ಬಂದದ್ದು ‘ಇಮಾಗೊ’ದಿಂದ, ಪಾಜ್ (ಪುಟ) ‘ಪಾಗಿನಾ’ದಿಂದ, ಕಾಜ್ ‘ಕಾವೆಯಾ’ದಿಂದ, ರಾಜ್ (ರೋಷ, ಹುಚ್ಚುನಾಯಿ ರೋಗ) ‘ರಾಬಿಯೆಸ್’ನಿಂದ. ಇವು ನಾಲ್ಕೂ ಲ್ಯಾಟಿನ್ನಿನಲ್ಲೇ ಸ್ತ್ರೀಲಿಂಗ. ಪ್ಲಾಜ್ ಇಟಾಲಿಯನ್ನಿನ ‘ಪಿಯಾಜ್ಜಾ’ದಿಂದ ಬಂದದ್ದು, ಅದೂ ಸ್ತ್ರೀಲಿಂಗ. ನಾಜ್ (ಈಜು) ‘ನಾಜೆ’ ಎಂಬ ಕ್ರಿಯಾಪದದಿಂದ ನೇರವಾಗಿ ಹುಟ್ಟಿದೆ. ಅಲ್ಲಿನ ಜಕಾರ ಧಾತುವಿನದೇ.

ಹೇಮಾವತಿ ತೀರ:
ಧನ್ಯವಾದ ಸರ್. ಹಾಗಾದರೆ ವಯಸ್ಸು ಎಂಬರ್ಥದ ‘ಆಜ್’? ಅದು ಪುಲ್ಲಿಂಗ. ಆದರೆ ಅದರಲ್ಲಿ ಪ್ರತ್ಯಯವೇ ಇದೆ, ಧಾತುವೇ ಕಾಣುತ್ತಿಲ್ಲವಲ್ಲ.

ಪದಶೋಧಕ:
ಒಳ್ಳೆಯ ಜಾಗಕ್ಕೆ ಕೈ ಹಾಕಿದ್ದೀರಿ. ಲ್ಯಾಟಿನ್ನಿನಲ್ಲಿ ವಯಸ್ಸಿಗೆ ‘ಐತಾಸ್’. ಅದಕ್ಕೆ ಪ್ರತ್ಯಯ ಹತ್ತಿ ‘ಐತಾತಿಕುಮ್’ ಎಂಬ ಆಡುರೂಪ ಹುಟ್ಟಿತು. ಹಳೆಯ ಫ್ರೆಂಚಿನಲ್ಲಿ ಅದು ಎಆಜ್, ಆಮೇಲೆ ಆಆಜ್, ಕೊನೆಗೆ ಆಜ್. ಮೂಲ ಪದ ಪೂರ್ತಿ ಸವೆದುಹೋಗಿ ಪ್ರತ್ಯಯ ಮಾತ್ರ ಉಳಿದಿದೆ. ಬರೆಯುವಾಗ ಮೊದಲ ಅಕ್ಷರದ ತಲೆಯ ಮೇಲೆ ಇಡುವ ಟೋಪಿಯಂಥ ಚಿಹ್ನೆ, ಅಲ್ಲಿ ಹಿಂದೆ ಇನ್ನೊಂದು ಸ್ವರ ಇತ್ತು ಎಂಬುದರ ಗುರುತು. ಇಂಗ್ಲಿಷಿನ ‘ಏಜ್’ ಇದರದೇ ರೂಪ.

ಬಂದರು ರಸ್ತೆ:
ನಾನು ಮಂಗಳೂರಿನಲ್ಲಿ ಸರಕು ಸಾಗಣೆಯ ಕೆಲಸದಲ್ಲಿದ್ದೇನೆ. ಈ ಚರ್ಚೆ ಓದಿ ಮೇಜಿನ ಮೇಲಿದ್ದ ಬಿಲ್ಲುಗಳನ್ನು ಮತ್ತೆ ತಿರುವಿದೆ. ವಾರ್ಫೇಜ್, ಡೆಮರೇಜ್, ಪೈಲಟೇಜ್, ಸ್ಟೋರೇಜ್, ಬ್ರೋಕರೇಜ್. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ನನ್ನು ಕೊಟ್ಟ ಅವಧಿಗಿಂತ ಹೆಚ್ಚು ಹೊತ್ತು ಹಿಡಿದಿಟ್ಟರೆ ಡೆಮರೇಜ್; ಇಳಿಸಿದ ಸರಕನ್ನು ಹೊತ್ತಿಗೆ ಸರಿಯಾಗಿ ಎತ್ತದಿದ್ದರೆ ವಾರ್ಫೇಜ್. ಲಾರಿ ಮಾಲೀಕರಿಂದ ಹಮಾಲರವರೆಗೆ ಎಲ್ಲರಿಗೂ ಗೊತ್ತಿರುವ ಪದಗಳಿವು. ನಮ್ಮ ವ್ಯವಹಾರದಲ್ಲಿ ‘ಏಜ್’ ಬಂತೆಂದರೆ ದುಡ್ಡು ಕಟ್ಟಬೇಕು ಎಂದೇ ಅರ್ಥ. ಪ್ರಯಾಣಕ್ಕೂ ಚೀಸಿಗೂ ಹತ್ತಿದ ಪ್ರತ್ಯಯ ಸುಂಕಕ್ಕೆ ಹೇಗೆ ಹತ್ತಿತು?

ಪದಶೋಧಕ:
ಇದು ಈ ಪ್ರತ್ಯಯದ ಬಾಳಿನ ಬಹು ಮುಖ್ಯ ಅಧ್ಯಾಯ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮಧ್ಯಯುಗದ ಫ್ರಾನ್ಸಿನಲ್ಲಿ ನೆಲ, ದಾರಿ, ಸೇತುವೆ, ಒಲೆ ಎಲ್ಲಕ್ಕೂ ಒಬ್ಬ ಒಡೆಯನಿದ್ದ. ‘ಇಂಥದ್ದಕ್ಕೆ ಸೇರಿದ್ದು’ ಎಂಬ ಅರ್ಥದ ‘-ಆತಿಕುಮ್’, ‘ಇಂಥದ್ದರ ಮೇಲಿನ ಹಕ್ಕು, ಅದಕ್ಕಾಗಿ ಕೊಡಬೇಕಾದ ತೆರಿಗೆ’ ಎಂಬ ಅರ್ಥಕ್ಕೆ ಜಾರಲು ಹೆಚ್ಚು ಕಾಲ ಹಿಡಿಯಲಿಲ್ಲ. ಪಾದಕ್ಕೆ ಲ್ಯಾಟಿನ್ನಿನಲ್ಲಿ ‘ಪೆಸ್, ಪೆದಿಸ್’. ಒಡೆಯನ ದಾರಿಯಲ್ಲಿ ಕಾಲಿಡುವ ಹಕ್ಕಿಗೆ ಕೊಡುವ ಸುಂಕ ಪೆಯಾಜ್. ಒಲೆಗೊಂದರಂತೆ, ಅಂದರೆ ಮನೆಗೊಂದರಂತೆ ಎತ್ತುವ ತೆರಿಗೆ ಫುವಾಜ್. ಅದರಲ್ಲಿರುವುದು ಬೆಂಕಿ ಎಂಬ ಪದ. ರಾಜ ಐದನೆಯ ಚಾರ್ಲ್ಸ್ 1380ರಲ್ಲಿ ಸಾಯುವ ದಿನ ಈ ಫುವಾಜನ್ನು ರದ್ದುಮಾಡಿದ. ಹೊಲದ ಗೇಣಿ ಫೆರ್ಮಾಜ್. ಸ್ಪೇನಿನಲ್ಲಿಯೂ ಇದೇ ಲ್ಯಾಟಿನ್ ಪ್ರತ್ಯಯ ‘-ಆತ್ಗೊ’ ಎಂಬ ರೂಪ ತಾಳಿತು, ಅಲ್ಲಿನ ಹಳೆಯ ದಾರಿಸುಂಕದ ಹೆಸರು ಪೊರ್ತಾತ್ಗೊ.

ಸುಂಕದ ಪಕ್ಕದಲ್ಲೇ ಸ್ಥಾನಮಾನ, ಸಂಬಂಧಗಳ ಹೆಸರುಗಳೂ ಬೆಳೆದವು. ಒಮ್ ಎಂದರೆ ಮನುಷ್ಯ. ‘ಇನ್ನು ನಾನು ನಿಮ್ಮ ಆಳು’ ಎಂದು ಒಡೆಯನ ಕೈಯಲ್ಲಿ ಕೈಯಿಟ್ಟು ಹೇಳುವ ವಿಧಿ ಒಮಾಜ್. ಇಂದು ಅದು ಗೌರವಾರ್ಪಣೆ. ಜೀತದ ಸ್ಥಿತಿ ಸೆರ್ವಾಜ್. ಓತ್ ಎಂದರೆ ಆತಿಥೇಯ. ಅವನ ಮನೆಯಲ್ಲಿ ಬಿಡಾರ ಮಾಡುವುದು ಓತಾಜ್. ಒಪ್ಪಂದ ಮುರಿಯದಂತೆ ಎದುರಾಳಿಯ ಮನೆಯಲ್ಲಿ ಇರಿಸಿದವನಿಗೂ ಅದೇ ಹೆಸರು ಬಂತು. ಇಂಗ್ಲಿಷಿನಲ್ಲಿ ಅದು ಹಾಸ್ಟೇಜ್, ನಮ್ಮ ಪತ್ರಿಕೆಗಳ ‘ಒತ್ತೆಯಾಳು’.

1066ರ ನಂತರ ಇಂಗ್ಲೆಂಡನ್ನು ಆಳಿದ, ಫ್ರೆಂಚ್ ಆಡುತ್ತಿದ್ದ ನಾರ್ಮನ್ನರ ಜೊತೆ ಈ ಪದಗಳು ಕಡಲು ದಾಟಿದವು. ನಿಮ್ಮ ಡೆಮರೇಜ್ ಹಳೆಯ ಫ್ರೆಂಚಿನ ‘ದೆಮೊರೆ’, ಅಂದರೆ ತಡಮಾಡು ಎಂಬುದರಿಂದ ಬಂದದ್ದು. ವಾರ್ಫೇಜಿನ ‘ವಾರ್ಫ್’ (ಹಡಗುಕಟ್ಟೆ) ಅಚ್ಚ ಇಂಗ್ಲಿಷ್; ಪ್ರತ್ಯಯ ಮಾತ್ರ ಎರವಲು. ಒಂದು ಭಾಷೆಯ ಪ್ರತ್ಯಯ ಇನ್ನೊಂದರ ದೇಶ್ಯ ಪದಕ್ಕೆ ಹತ್ತಿತೆಂದರೆ ಅದು ಅಲ್ಲಿ ಬೇರುಬಿಟ್ಟಿದೆ ಎಂದೇ ತಿಳಿಯಬೇಕು.

ನಿವೃತ್ತ ಮೇಷ್ಟರು:
ಹಳೆಯ ಶಾಸನಗಳನ್ನು ಓದಿ ಅಭ್ಯಾಸವಿದ್ದವರಿಗೆ ಫುವಾಜ್ ಕೇಳಿದೊಡನೆ ‘ಮನೆದೆರೆ’ ನೆನಪಾಗುತ್ತದೆ. ಗಾಣದ ಮೇಲೆ ಗಾಣದೆರೆ, ಮಗ್ಗದ ಮೇಲೆ ಮಗ್ಗದೆರೆ. ನಮ್ಮವರು ‘ತೆರೆ’ ಎಂಬ ಪದವನ್ನೇ ಸಮಾಸ ಮಾಡಿ ಜೋಡಿಸಿದರು, ಅವರು ಪ್ರತ್ಯಯದಿಂದ ಕೆಲಸ ಸಾಗಿಸಿದರು.

ವ್ಯಾಕರಣದ ದೃಷ್ಟಿಯಿಂದ ನನ್ನದೊಂದು ಪ್ರಶ್ನೆ. ನಾಮಪದಕ್ಕೆ ಹತ್ತುವುದು ತದ್ಧಿತ ಪ್ರತ್ಯಯ, ಧಾತುವಿಗೆ ಹತ್ತುವುದು ಕೃತ್ ಪ್ರತ್ಯಯ ಎಂದು ನಾವು ಶಾಲೆಯಲ್ಲಿ ಕಲಿಸುತ್ತಿದ್ದೆವು. ಪದಶೋಧಕರು ಕೊಟ್ಟ ಉದಾಹರಣೆಗಳು ಬಹುಪಾಲು ತದ್ಧಿತಗಳು: ದಾರಿ, ಅಚ್ಚು, ಪಾದ, ಒಲೆ, ಮನುಷ್ಯ ಎಲ್ಲವೂ ನಾಮಪದಗಳೇ. ಆದರೆ ಡೆಮರೇಜ್ ‘ತಡಮಾಡು’ ಎಂಬ ಧಾತುವಿನಿಂದ ಬಂದಿದೆ. ಹಾಗಾದರೆ ಇದು ಎರಡೂ ಬಗೆಯದೇ? ನಮ್ಮ ‘-ಇಕೆ’ ಹಾಗಿದೆ. ಕುಂಬಾರ ಎಂಬ ನಾಮಪದದಿಂದ ಕುಂಬಾರಿಕೆ, ಹೇಳು ಎಂಬ ಧಾತುವಿನಿಂದ ಹೇಳಿಕೆ.

ಪದಶೋಧಕ:
ಮೇಷ್ಟರೇ, ಈ ಪ್ರತ್ಯಯದ ಬಗ್ಗೆ ನನಗೆ ಮುಖ್ಯವೆನಿಸಿದ ಮಾತು ನೀವು ಕೇಳಿದ್ದರಲ್ಲೇ ಇದೆ. ಅದು ಹುಟ್ಟಿದ್ದು ತದ್ಧಿತವಾಗಿ. ಇಂದು ಅದರ ಜೀವ ಇರುವುದು ಕೃತ್ ಪ್ರತ್ಯಯವಾಗಿ. ಈ ದಾಟುವಿಕೆಗೆ ಸೇತುವೆಯಾದದ್ದು ಎರಡು ಕಡೆಗೂ ಸಲ್ಲುವ ಪದಗಳು. ಉದಾಹರಣೆಗೆ ಮಾರಿಯಾಜ್ (ಮದುವೆ): ಮಾರಿ ಎಂದರೆ ಗಂಡ, ಮಾರಿಯೆ ಎಂದರೆ ಮದುವೆ ಮಾಡು. ಉಜಾಜ್ (ಬಳಕೆ): ಉಸ್ ಎಂದರೆ ರೂಢಿ, ಉಜೆ ಎಂದರೆ ಬಳಸು. ಕೇಳುವವನ ಕಿವಿಗೆ ಇವು ನಾಮಪದದಿಂದ ಬಂದಂತೆಯೂ ಕೇಳಿಸುತ್ತವೆ, ಕ್ರಿಯಾಪದದಿಂದ ಬಂದಂತೆಯೂ ಕೇಳಿಸುತ್ತವೆ. ಹೀಗೆ ದಾರಿ ತೆರೆದ ಮೇಲೆ ಯಾವ ಕೆಲಸಕ್ಕಾದರೂ ‘-ಆಜ್’ ಹಚ್ಚಿ ಹೆಸರು ಮಾಡುವುದು ಸುಲಭವಾಯಿತು: ತೊಳೆಯುವುದು ಲವಾಜ್, ನೀರು ಹಾಯಿಸುವುದು ಅರೊಜಾಜ್, ಇಸ್ತ್ರಿ ಮಾಡುವುದು ರಪಾಸಾಜ್.

ಸಮೂಹವಾಚಕದ ಒಂದು ಕವಲೂ ಇದೆ. ಎಲೆಯಿಂದ ಫೊಯಾಜ್ (ಎಲೆಗಳ ರಾಶಿ), ಗರಿಯಿಂದ ಪ್ಲ್ಯುಮಾಜ್ (ಮೈತುಂಬ ಗರಿ). ವಿಲಾಜ್ ಕೂಡ ಹಾಗೆಯೇ: ವಿಲ್ಲಾ ಎಂಬ ಜಮೀನುಮನೆಗೆ ಹೊಂದಿದ ಮನೆಗಳ ಗುಂಪು.

ರೋನ್ ದಂಡೆ:
ನಾನು ಲಿಯೋನ್ ನಗರದಲ್ಲಿ ನೆಲೆಸಿದ್ದೇನೆ. ಪೆಯಾಜ್ ಎಂಬ ಫಲಕ ಹೆದ್ದಾರಿಗೆ ಇಳಿದಾಗಲೆಲ್ಲ ಎದುರಾಗುತ್ತದೆ. 1789ರ ಆಗಸ್ಟ್ 4ರ ರಾತ್ರಿ ಊಳಿಗಮಾನ್ಯ ಹಕ್ಕುಗಳನ್ನು ರದ್ದುಮಾಡುವುದಾಗಿ ಕ್ರಾಂತಿಕಾಲದ ರಾಷ್ಟ್ರಸಭೆ ಘೋಷಿಸಿದ ದೇಶದಲ್ಲಿ, ಆ ಕಾಲದ ಸುಂಕದ ಹೆಸರು ಇಂದೂ ಟೋಲ್ ಗೇಟಿನ ಮೇಲೆ ನಿಂತಿದೆ.

ಕೃತ್ ಪ್ರತ್ಯಯದ ಮಾತು ಬಂದದ್ದರಿಂದ ಹೇಳುತ್ತೇನೆ. ಜುರಾ ಬೆಟ್ಟಗಳಲ್ಲಿ ಕೊಂತೆ ಎಂಬ ಚೀಸ್ ಮಾಡುವ ಹಳ್ಳಿ ಸಹಕಾರ ಸಂಘಗಳಿವೆ, ‘ಫ್ರುತಿಯೆರ್’ ಎನ್ನುತ್ತಾರೆ. ಸುತ್ತಲಿನ ರೈತರು ತಂದು ಸುರಿದ ಹಾಲನ್ನು ದೊಡ್ಡ ತಾಮ್ರದ ಹಂಡೆಯಲ್ಲಿ ಬೆಚ್ಚಗೆ ಮಾಡುತ್ತಾರೆ. ಅಲ್ಲಿಂದ ಮುಂದಿನ ಹೆಜ್ಜೆಗಳ ಹೆಸರು ಕೇಳಿ: ಹೆಪ್ಪು ಹಾಕುವುದು ಆಂಪ್ರೆಜ್ಯುರಾಜ್, ಹಾಲು ಗಟ್ಟಿಯಾಗುವ ಹಂತ ಕಾಯಾಜ್, ಅಚ್ಚಿಗೆ ತುಂಬುವುದು ಮುಲಾಜ್, ನೀರು ಬಸಿಯುವುದು ಎಗುತಾಜ್, ಒತ್ತುವುದು ಪ್ರೆಸಾಜ್, ಉಪ್ಪು ಹಚ್ಚುವುದು ಸಲಾಜ್, ನೆಲಮಾಳಿಗೆಯಲ್ಲಿ ಮಾಗಿಸುವುದು ಅಫಿನಾಜ್. ಕೊಂತೆ ಎಂಬ ಹೆಸರು ಪಡೆಯಲು ಕನಿಷ್ಠ ನಾಲ್ಕು ತಿಂಗಳು ಮಾಗಲೇಬೇಕು. ನೆಲಮಾಳಿಗೆಯ ಮರದ ಹಲಗೆಗಳ ಮೇಲೆ ಬಂಡಿಗಾಲಿಯಂಥ ಚೀಸುಗಳು ಸಾಲಾಗಿ ಮಲಗಿರುತ್ತವೆ. ಅವನ್ನು ಆಗಾಗ ಮಗುಚಿ, ಉಪ್ಪುನೀರಿನಲ್ಲಿ ಉಜ್ಜುತ್ತಾರೆ. ಹಾಲು ಹಂಡೆಗೆ ಬಿದ್ದಂದಿನಿಂದ ಫ್ರೊಮಾಜ್ ಆಗುವವರೆಗೆ ಈ ಪ್ರತ್ಯಯ ಕೈ ಬಿಡುವುದೇ ಇಲ್ಲ.

ದ್ರಾಕ್ಷಾರಸದವರದು ಸ್ವಲ್ಪ ಬೇರೆ. ತೊಟ್ಟು ಬಿಡಿಸುವುದು ಎಗ್ರಪಾಜ್, ತುಳಿಯುವುದು ಫುಲಾಜ್, ಹಿಂಡುವುದು ಪ್ರೆಸ್ಯುರಾಜ್. ಆದರೆ ಹುಳಿ ಬರುವುದು ಫೆರ್ಮಾಂತಾಸಿಯೋಂ, ಪೀಪಾಯಿಯಲ್ಲಿ ಹಳತಾಗುವುದು ವಿಯೆಯಿಸ್‌ಮಾಂ. ಮನುಷ್ಯ ಕೈಯಿಟ್ಟು ಮಾಡುವ ಕೆಲಸಕ್ಕೆ ‘-ಆಜ್’, ತನ್ನಷ್ಟಕ್ಕೆ ಆಗುವ ಮಾರ್ಪಾಡಿಗೆ ಬೇರೆ ಪ್ರತ್ಯಯ. ಹೀಗೊಂದು ಒಲವು ಭಾಷೆಯಲ್ಲಿದೆ ಎಂಬುದು ಇಲ್ಲಿದ್ದು ನನಗೆ ಮನದಟ್ಟಾದ ಸಂಗತಿ.

ಹೇಮಾವತಿ ತೀರ:
ಮೇಡಂ, ಇದು ಪರೀಕ್ಷೆಗೂ ಉಪಯೋಗಕ್ಕೆ ಬರುವಂಥದ್ದು. ‘-ಆಜ್’ ಮತ್ತು ‘-ಮಾಂ’ ಒಂದೇ ಕ್ರಿಯಾಪದಕ್ಕೆ ಹತ್ತಿದರೆ ಅರ್ಥ ಬೇರೆಯಾಗುತ್ತದೆಯೇ?

ರೋನ್ ದಂಡೆ:
ಬಹಳ ಕಡೆ ಬೇರೆಯೇ ಆಗುತ್ತದೆ. ದೆಕೊಲಾಜ್ ಎಂದರೆ ವಿಮಾನ ಮೇಲೇರುವುದು. ದೆಕೊಲ್‌ಮಾಂ ಎಂದರೆ ಅಂಟಿದ್ದು ಬಿಟ್ಟುಕೊಳ್ಳುವುದು; ಕಣ್ಣಿನ ಅಕ್ಷಿಪಟಲ ಕಳಚಿಕೊಂಡರೆ ವೈದ್ಯರು ಬರೆಯುವುದು ಇದನ್ನೇ. ಎರಡೂ ‘ಅಂಟು ಬಿಡಿಸು’ ಎಂಬ ಒಂದೇ ಕ್ರಿಯಾಪದದ ಮಕ್ಕಳು. ರಾಫಿನಾಜ್ ಎಂದರೆ ಸಕ್ಕರೆಯನ್ನೋ ಕಚ್ಚಾತೈಲವನ್ನೋ ಶುದ್ಧೀಕರಿಸುವುದು, ರಾಫಿನ್‌ಮಾಂ ಎಂದರೆ ನಡೆನುಡಿಯ ನಯ. ಅಬಾತಾಜ್ ಮರ ಕಡಿಯುವುದು, ಪಶುವಧೆ. ಅಬಾತ್‌ಮಾಂ ಮನಸ್ಸು ಕುಗ್ಗಿ ಕೂರುವುದು. ಲವಾಜ್ ತೊಳೆಯುವುದು, ಆದರೆ ಲಾವ್‌ಮಾಂ ಎಂದರೆ ಎನಿಮಾ. ಆಸ್ಪತ್ರೆಯಲ್ಲಿ ಈ ಎರಡನ್ನು ಅದಲುಬದಲು ಮಾಡಬೇಡಿ.

ಕಾವೇರಿ ಕಣಿವೆ:
ಸಬೊತಾಜ್ ಬಗ್ಗೆ ಯಾರೂ ಬರೆದಿಲ್ಲ. ಹಿಂದೆ ಕಾರ್ಮಿಕರು ತಮ್ಮ ಮರದ ಪಾದರಕ್ಷೆಗಳನ್ನು ಯಂತ್ರದೊಳಗೆ ಎಸೆದು ನಿಲ್ಲಿಸುತ್ತಿದ್ದರು, ಆ ಪಾದರಕ್ಷೆಯ ಹೆಸರು ಸಾಬೊ, ಅದರಿಂದ ಈ ಪದ ಬಂತು ಎಂದು ಎಲ್ಲೆಡೆ ಓದಿದ್ದೇನೆ.

ಪದಶೋಧಕ:
ಸಾಬೊ ಎಂಬ ಮೂಲ ನಿಜ. ಯಂತ್ರಕ್ಕೆ ಎಸೆದ ಕಥೆಗೆ ಆಧಾರವಿಲ್ಲ. ಸಬೊತೆ ಎಂಬ ಕ್ರಿಯಾಪದಕ್ಕೆ ಮರದ ಪಾದರಕ್ಷೆಯಲ್ಲಿ ಸದ್ದು ಮಾಡುತ್ತ ನಡೆ ಎಂಬ ಅರ್ಥವಿತ್ತು. ಅಲ್ಲಿಂದ ಕೆಲಸವನ್ನು ಒರಟಾಗಿ, ಅಡ್ಡಾದಿಡ್ಡಿ ಮಾಡಿ ಕೆಡಿಸು ಎಂಬ ಅರ್ಥ ಬಂತು. 1897ರಲ್ಲಿ ತುಲೂಜ್ ನಗರದಲ್ಲಿ ನಡೆದ ಕಾರ್ಮಿಕ ಒಕ್ಕೂಟದ ಅಧಿವೇಶನದಲ್ಲಿ ಕಾರ್ಮಿಕ ನಾಯಕ ಎಮಿಲ್ ಪುಜೆ ಸಬೊತಾಜನ್ನು ಹೋರಾಟದ ಒಂದು ವಿಧಾನವಾಗಿ ಮುಂದಿಟ್ಟ. ಕಡಿಮೆ ಕೂಲಿಗೆ ಕಳಪೆ ಕೆಲಸ ಎಂಬುದು ಅಲ್ಲಿನ ವಾದ.

ಕಾರ್ಮಿಕರ ಲೋಕದ ಇನ್ನೊಂದು ಪದ ಶೊಮಾಜ್, ಅಂದರೆ ನಿರುದ್ಯೋಗ. ಅದರ ಬೇರು ಗ್ರೀಕಿನ ‘ಕೌಮಾ’, ಸುಡು ಬಿಸಿಲು. ಬಿಸಿಲೇರಿದಾಗ ಕೆಲಸ ಬಿಟ್ಟು ನೆರಳಿಗೆ ಹೋಗುವುದನ್ನು ಕಡೆಗಾಲದ ಲ್ಯಾಟಿನ್ನಿನಲ್ಲಿ ‘ಕೌಮಾರೆ’ ಎಂದರು. ಮಧ್ಯಾಹ್ನದ ವಿಶ್ರಾಂತಿಯಿಂದ ಹೊರಟ ಪದ ಕೆಲಸ ಕಳೆದುಕೊಂಡವರ ಬವಣೆಗೆ ಬಂದು ನಿಂತಿತು.

ಉತ್ತರ ಧ್ರುವ:
ಮಾಂಟ್ರಿಯಲ್‌ನಿಂದ ಬರೆಯುತ್ತಿದ್ದೇನೆ. ಈ ಪ್ರತ್ಯಯ ಇಂದಿಗೂ ಹೊಸ ಪದ ಹೆರುತ್ತಿದೆ ಎನ್ನುವುದಕ್ಕೆ ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತವಾದ ಕೆಬೆಕ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಪ್ಯಾರಿಸ್ಸಿನವರು ‘ಶಾಪಿಂಗ್’ ಎಂದರೆ ಇಲ್ಲಿನವರು ಮಗಾಜಿನಾಜ್ ಎನ್ನುತ್ತಾರೆ. ಮೊಬೈಲಿನಲ್ಲಿ ಕೀಲಿಮಣೆ ಒತ್ತುತ್ತ ಹರಟುವುದಕ್ಕೆ ಕ್ಲಾವಾರ್ದಾಜ್: ಕ್ಲಾವಿಯೆ ಎಂದರೆ ಕೀಲಿಮಣೆ, ಬಾವಾರ್ದಾಜ್ ಎಂದರೆ ಹರಟೆ, ಎರಡೂ ಬೆಸೆದಿವೆ. ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ ಗುಪ್ತಸಂಖ್ಯೆ ಕದಿಯುವ ಮೋಸಕ್ಕೆ ಆಮ್ಸೊನಾಜ್, ಅಂದರೆ ಗಾಳ ಹಾಕುವುದು. ಇಂಥ ಪದಗಳನ್ನು ಕೆಬೆಕ್ ಸರ್ಕಾರದ ಭಾಷಾ ಕಚೇರಿ ಪಟ್ಟುಹಿಡಿದು ಬಳಕೆಗೆ ತರುತ್ತದೆ. ಬ್ಯಾಂಕಿನ ಎಚ್ಚರಿಕೆ ಪತ್ರಗಳಲ್ಲೂ ಆಮ್ಸೊನಾಜ್ ಎಂದೇ ಇರುತ್ತದೆ. ತಮ್ಮ ಭಾಷೆಯ ಮೇಲೆ ಇವರಿಗಿರುವ ನಿಷ್ಠೆ ನನಗೆ ಬಹಳ ಹಿಡಿಸಿದೆ.

ರೋನ್ ದಂಡೆ:
ಫ್ರಾನ್ಸಿನಲ್ಲಿಯೂ ಆ ಪ್ರಯತ್ನ ಇದೆ. 1994ರ ತೂಬೋಂ ಕಾನೂನು ಸಾರ್ವಜನಿಕ ವ್ಯವಹಾರದಲ್ಲಿ ಫ್ರೆಂಚ್ ಬಳಕೆಯನ್ನು ಕಡ್ಡಾಯ ಮಾಡಿತು. ‘ಡೋಪಿಂಗ್’ ಹೋಗಿ ದೊಪಾಜ್ ಗಟ್ಟಿಯಾಗಿ ನಿಂತಿದೆ. ಒಂದೇ ಕಾರಿನಲ್ಲಿ ಹಲವರು ಖರ್ಚು ಹಂಚಿಕೊಂಡು ಹೋಗುವುದಕ್ಕೆ ಕೊವ್ವಾತ್ಯುರಾಜ್ ಎಂಬುದು ಎಲ್ಲರ ಬಾಯಲ್ಲೂ ಇದೆ. ‘ಪಾರ್ಕಿಂಗ್’ ಮಾತ್ರ ಕದಲಿಲ್ಲ. ಜನರ ನಾಲಿಗೆ ಒಪ್ಪದೆ ಯಾವ ಪದವೂ ನಿಲ್ಲುವುದಿಲ್ಲ, ನಮ್ಮಲ್ಲಿಯೂ ಅಷ್ಟೇ.

ಬಂದರು ರಸ್ತೆ:
ಕನ್ನಡದ ರಿವಾಜು, ಅಂದಾಜು, ಮುಲಾಜುಗಳೂ ಇದೇ ಧಾಟಿಯಲ್ಲಿ ಕೇಳಿಸುತ್ತವೆ. ಮೇಲೆ ಚೀಸಿನ ‘ಮುಲಾಜ್’ ಓದಿದಾಗ ಹೀಗೆನಿಸಿತು. ಸಂಬಂಧ ಉಂಟೇ?

ನಿವೃತ್ತ ಮೇಷ್ಟರು:
ಇಲ್ಲ. ರಿವಾಜು, ಮುಲಾಜುಗಳ ಮೂಲ ಅರಬ್ಬಿ, ಅಂದಾಜಿನದು ಪಾರ್ಸಿ. ಆಡಳಿತದ ಭಾಷೆಯ ಮೂಲಕ ನಮಗೆ ಬಂದವು. ಸದ್ದು ಹೊಂದುವುದು ಆಕಸ್ಮಿಕ.

ಹೇಮಾವತಿ ತೀರ:
ನನ್ನ ಮೊದಲ ಪ್ರಶ್ನೆಯ ಎರಡನೆಯ ಭಾಗ ಬಾಕಿ ಇದೆ. ಕನ್ನಡದಲ್ಲಿ ಕಿವಿಗೆ ಬೀಳುವವನ್ನು ಬರೆದುಕೊಂಡೆ: ಲಗೇಜು, ಗ್ಯಾರೇಜು, ಮೈಲೇಜು, ಮೆಸೇಜು, ಪ್ಯಾಕೇಜು, ಡ್ರೈನೇಜು, ಬ್ಯಾಂಡೇಜು, ಡ್ಯಾಮೇಜು, ಕಾಲೇಜು, ಕ್ಯಾಬೇಜು, ಮಸಾಜು. ಇವುಗಳಲ್ಲಿ ಯಾವುವು ಅಸಲಿ?

ಪದಶೋಧಕ:
ಕಾಲೇಜನ್ನೂ ಕ್ಯಾಬೇಜನ್ನೂ ಮೊದಲು ತೆಗೆದುಬಿಡಿ. ಕಾಲೇಜು ಲ್ಯಾಟಿನ್ನಿನ ‘ಕೊಲ್ಲೇಗಿಯುಮ್’ನಿಂದ ಬಂದದ್ದು. ಕ್ಯಾಬೇಜಿನ ಮೂಲ ಉತ್ತರ ಫ್ರಾನ್ಸಿನ ‘ಕಾಬೋಶ್’, ಅಂದರೆ ತಲೆ. ಉಳಿದವೆಲ್ಲ ಈ ಪ್ರತ್ಯಯದ ಸಂತತಿಯೇ, ಆದರೆ ಎರಡು ಬಗೆ. ಮೆಸೇಜು, ಬ್ಯಾಂಡೇಜು, ಡ್ಯಾಮೇಜು, ಗ್ಯಾರೇಜು, ಮಸಾಜು ಫ್ರೆಂಚಿನಲ್ಲಿಯೇ ಆದ ಪದಗಳು. ಮೆಸೇಜಿನ ಮೂಲ ‘ಕಳುಹಿಸು’ ಎಂಬುದು, ಗ್ಯಾರೇಜಿನದು ‘ಗಾರೆ’, ಅಂದರೆ ವಾಹನವನ್ನು ತಂಗುದಾಣದಲ್ಲಿ ನಿಲ್ಲಿಸು. ಲಗೇಜು, ಪ್ಯಾಕೇಜು, ಡ್ರೈನೇಜು, ಮೈಲೇಜು ಇಂಗ್ಲಿಷಿನವರು ತಮ್ಮ ಪದಕ್ಕೆ ಈ ಬಾಲ ಹಚ್ಚಿ ಮಾಡಿಕೊಂಡವು. ಮೈಲೇಜು ಮೊದಲು ಮೈಲಿಗೆ ಇಷ್ಟು ಎಂದು ಕೊಡುವ ಪ್ರಯಾಣ ಭತ್ಯೆಯಾಗಿತ್ತು. ಬಂದರು ರಸ್ತೆಯವರ ದುಡ್ಡಿನ ಲೆಕ್ಕ ಇಲ್ಲಿಯೂ ಇದೆ. ನಮ್ಮಲ್ಲಿ ಅದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದಾಗಿದೆ.

ಉಚ್ಚಾರಣೆಯಲ್ಲಿಯೂ ಒಂದು ಸ್ವಾರಸ್ಯ ಇದೆ. ಹಳೆಯ ಫ್ರೆಂಚಿನಲ್ಲಿ ಈ ಪ್ರತ್ಯಯದ ವ್ಯಂಜನ ನಮ್ಮ ‘ಜ್’ ಹಾಗೆಯೇ ಗಟ್ಟಿಯಾಗಿತ್ತು. 13ನೇ ಶತಮಾನದ ಹೊತ್ತಿಗೆ ಮೆದುವಾಗಿ, ನಾಲಿಗೆ ಅಂಗುಳಕ್ಕೆ ತಾಗದೆ ಹೊರಡುವ ಈಗಿನ ಸದ್ದಾಯಿತು. ಮೊದಲೇ ಇಂಗ್ಲಿಷಿಗೆ ಹೋದ ವಿಲೇಜ್, ಕರೇಜ್, ಮ್ಯಾರೇಜ್‌ಗಳಲ್ಲಿ ಗಟ್ಟಿ ಜಕಾರ ಉಳಿದಿದೆ. ತಡವಾಗಿ ಹೋದ ಮಸಾಜ್, ಕೊಲಾಜ್, ಮೊಂತಾಜ್‌ಗಳಲ್ಲಿ ಇಂಗ್ಲಿಷಿನವರೂ ಮೆದು ಸದ್ದನ್ನೇ ನುಡಿಯುತ್ತಾರೆ, ಅಮೆರಿಕನ್ನರ ಉಚ್ಚಾರಣೆಯಲ್ಲಿ ಒತ್ತೂ ಕೊನೆಯ ಅಕ್ಷರದ ಕಡೆಗಿದೆ. ಕನ್ನಡಿಗರ ಬಾಯಲ್ಲಿ ಲಗೇಜು ‘ಏಜು’ ಆದದ್ದಕ್ಕೂ ಮಸಾಜು ‘ಆಜು’ ಆಗಿಯೇ ಉಳಿದದ್ದಕ್ಕೂ ಇದೇ ಕಾರಣ.

ರೈನ್ ತೀರದವ:
ಜರ್ಮನಿಯ ಕಡೆಯಿಂದ ಒಂದು ಸೇರ್ಪಡೆ. ಇಲ್ಲಿ ಗರಾಜೆ, ಎತಾಜೆ (ಮಹಡಿ), ಮಸಾಜೆ ಎಲ್ಲವೂ ಸ್ತ್ರೀಲಿಂಗ! ಕೊನೆಯ ಎಕಾರವನ್ನು ಜರ್ಮನ್ನರು ಉಚ್ಚರಿಸುತ್ತಾರೆ, ಎಕಾರಾಂತ ಪದಗಳು ಅವರಲ್ಲಿ ಬಹುಮಟ್ಟಿಗೆ ಸ್ತ್ರೀಲಿಂಗ. ಬ್ಲಮಾಜೆ (ಮುಖಭಂಗ) ಎಂಬ ಪದವನ್ನಂತೂ ಜರ್ಮನ್ನರೇ ಕಟ್ಟಿಕೊಂಡರು, ಫ್ರೆಂಚಿನಲ್ಲಿ ಅದು ಇಲ್ಲ. ಪೋರ್ಚುಗೀಸಿನಲ್ಲಿಯೂ ‘ವಿಯಾಜೆಂ’ ಸ್ತ್ರೀಲಿಂಗ. ಎರಡು ಭಾಷೆ ಒಟ್ಟಿಗೆ ಕಲಿಯುವವರು ಎಚ್ಚರವಾಗಿರಿ.

ಹೇಮಾವತಿ ತೀರ:
ಎತಾಜ್ ಎಂದಾಗ ನೆನಪಾಯಿತು. ಫ್ರೆಂಚಿನಲ್ಲಿ ಮಹಡಿ ಎತಾಜ್, ಕಂಪನಿಯಲ್ಲಿ ತರಬೇತಿಗೆ ಹೋಗುವುದು ಸ್ತಾಜ್, ಇಂಗ್ಲಿಷಿನಲ್ಲಿ ರಂಗವೇದಿಕೆ ಸ್ಟೇಜ್. ಮೂರೂ ಒಂದೇ ಇರಬಹುದೇ?

ಪದಶೋಧಕ:
ಒಂದೇ. ಹಳೆಯ ಫ್ರೆಂಚಿನ ‘ಎಸ್ತಾಜ್’ 12ನೇ ಶತಮಾನದ ಪದ, ನಿಲ್ಲುವುದು, ತಂಗುವುದು ಎಂಬರ್ಥ. ಇಂಗ್ಲಿಷಿಗೆ ಹೋಗಿ ಸ್ಟೇಜ್ ಆಯಿತು. ಫ್ರಾನ್ಸಿನಲ್ಲಿ ಸಕಾರ ಬಿದ್ದು ಎತಾಜ್ ಆಯಿತು. ಚರ್ಚಿನ ಪಾದ್ರಿಗಳು ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಸ್ತಾಗಿಯುಮ್’ ಎಂದು ಬರೆದುಕೊಂಡರು. ಪೂರ್ಣ ಹುದ್ದೆ ಪಡೆಯುವ ಮೊದಲು ಪಾದ್ರಿ ಒಂದೆಡೆ ತಂಗಿರಬೇಕಾದ ಅವಧಿ ಅದು. ಆ ಲ್ಯಾಟಿನ್ ರೂಪ ಮರಳಿ ಫ್ರೆಂಚಿಗೆ ಬಂದು ಸ್ತಾಜ್ ಆಯಿತು, ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತರಬೇತಿ ಅವಧಿ. ಎತಾಜ್, ಸ್ತಾಜ್ ಎರಡೂ ಪುಲ್ಲಿಂಗ, ಬರೆದುಕೊಳ್ಳಿ.